ದೋಣಿ ನಮ್ಮದು, ಆದೇಶ ಅವರದು

(ಮೇರಿಲ್ಯಾಂಡಿನ ಕನ್ನಡ ಕೂಟವೊಂದರ ಭಾನುವಾರದ ಸಭೆಯಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಆಕ್ಸಿಲಿಯರಿ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಕಾರ್ಯದರ್ಶಿಗಳು ಪರಿಚಯ ಮಾಡಿಕೊಡುವಾಗ ನನ್ನನ್ನು "ಕೋಸ್ಟ್ ಗಾರ್ಡಿನವರು" ಅಂದುಬಿಟ್ಟರು. ಮೊದಲು ಅದನ್ನು ತಿದ್ದಿಬಿಡುತ್ತೇನೆ. ನಾನು ಕೋಸ್ಟ್ ಗಾರ್ಡಿನವನಲ್ಲ. ಸಂಬಳ ಇಲ್ಲ, ಬಂದೂಕು ಇಲ್ಲ, ಯಾರನ್ನೂ ತಡೆದು ನಿಲ್ಲಿಸುವ ಹಕ್ಕೂ ಇಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ನಿಮ್ಮ ಹಾಗೇ ಕಂಪ್ಯೂಟರ್ ಮುಂದೆ ಕೂರುವವನು. ಸಮವಸ್ತ್ರ ಇದೆ, ದೂರದಿಂದ ಅವರದ್ದೇ ಅನ್ನಿಸುತ್ತದೆ. ಹತ್ತಿರ ಬಂದು ನೋಡಿದರೆ ಅವರ ಅಧಿಕಾರಿಗಳ ಗುಂಡಿ, ಪಟ್ಟಿ ಚಿನ್ನದ ಬಣ್ಣದವು, ನಮ್ಮವು ಬೆಳ್ಳಿ ಬಣ್ಣದವು. ಅದನ್ನೂ ಸ್ವಂತ ದುಡ್ಡು ಕೊಟ್ಟು ಹೊಲಿಸಿಕೊಂಡದ್ದು.

ಆಕ್ಸಿಲಿಯರಿ ಅಂದರೆ ಕೋಸ್ಟ್ ಗಾರ್ಡಿಗೆ ಬೆನ್ನಾಗಿ ನಿಲ್ಲುವ ಸ್ವಯಂಸೇವಕರ ಪಡೆ. ದೇಶದ ತುಂಬ ಸುಮಾರು 20,000 ಜನ ಇದ್ದೇವೆ. ನಿವೃತ್ತ ಮೇಷ್ಟ್ರು, ನರ್ಸು, ಪ್ಲಂಬರು, ವಕೀಲರು, ನನ್ನಂಥ ಸಾಫ್ಟ್‌ವೇರಿನವರು. ಅಧಿಕಾರವೇ ಇಲ್ಲದ ಇಂಥ ಮಂದಿಯನ್ನು ಒಂದು ಸರ್ಕಾರ ಎಂಬತ್ತು ವರ್ಷಕ್ಕೂ ಮೀರಿ ಯಾಕೆ ಇಟ್ಟುಕೊಂಡಿದೆ? ಅಧಿಕಾರ ಇಲ್ಲದಿರುವುದರಿಂದಲೇ ಆಗುವ ಕೆಲಸಗಳಿವೆ ಅನ್ನುವುದು ನನ್ನ ಉತ್ತರ. ಆದರೆ ಅಧಿಕಾರ ಇಲ್ಲದವನಿಗೆ ತರಬೇತಿಯೂ ಇಲ್ಲದಿದ್ದರೆ ಅವನು ನೀರಿನಲ್ಲಿ ಇನ್ನೊಂದು ತಲೆನೋವು, ಅಷ್ಟೆ. ಇವತ್ತಿನ ಮಾತು ಈ ಎರಡರ ಸುತ್ತಲೇ ಸುತ್ತುತ್ತದೆ.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 1934ರಲ್ಲಿ ಲಾಸ್ ಏಂಜಲಿಸ್‌ನ ಮಾಲ್ಕಮ್ ಸ್ಟುವರ್ಟ್ ಬಾಯ್ಲನ್ ಅನ್ನುವ ಚಿತ್ರಕಥೆಗಾರ ಕೋಸ್ಟ್ ಗಾರ್ಡಿನ ಅಧಿಕಾರಿ ಫ್ರಾನ್ಸಿಸ್ ಪೊಲಾರ್ಡ್‌ಗೆ ಒಂದು ಕಾಗದ ಬರೆದರು. ಬಾಯ್ಲನ್ ಅಲ್ಲಿನ ಬರಹಗಾರರ ಹಾಯಿದೋಣಿ ಕ್ಲಬ್ಬಿನ ಮುಖ್ಯಸ್ಥ. ನಿಮಗೂ ಒಂದು ಮೀಸಲು ಪಡೆ ಯಾಕಿರಬಾರದು, ನಮ್ಮ ದೋಣಿಗಳಿವೆ, ನಾವಿದ್ದೇವೆ ಅನ್ನುವುದು ಕಾಗದದ ತಿರುಳು. ಈ ಯೋಚನೆ ಮೊಳಕೆಯೊಡೆದದ್ದು ಸಿನಿಮಾದವರ ಕ್ಲಬ್ಬಿನಲ್ಲಿ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಆ ಹೊತ್ತಿಗೆ ಹವ್ಯಾಸದ ದೋಣಿಗಳು ವಿಪರೀತ ಹೆಚ್ಚಿದ್ದವು, ಮೂವತ್ತರ ದಶಕದ ಕೊನೆಗೆ ಮೂರು ಲಕ್ಷ ದಾಟಿದ್ದವು. ಅಷ್ಟನ್ನೂ ನೋಡಿಕೊಳ್ಳುವಷ್ಟು ಸಿಬ್ಬಂದಿ ಕೋಸ್ಟ್ ಗಾರ್ಡಿನಲ್ಲಿ ಇರಲಿಲ್ಲ. 1939ರ ಜೂನ್ 23ರಂದು ಕಾನೂನಾಯಿತು. ಮೊದಲು ಇಟ್ಟ ಹೆಸರು ರಿಸರ್ವ್. 1941ರಲ್ಲಿ ನಿಜವಾದ ಸೈನಿಕ ಮೀಸಲು ಪಡೆ ಕಟ್ಟಿದಾಗ ಆ ಹೆಸರು ಅದಕ್ಕೆ ಹೋಗಿ ನಮಗೆ ಆಕ್ಸಿಲಿಯರಿ ಅನ್ನುವ ಹೆಸರು ಬಂತು.

1942ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಮೆರಿಕದ ಪೂರ್ವ ತೀರದಲ್ಲಿ, ದಡದಿಂದ ಹೊಗೆ ಕಾಣುವಷ್ಟು ಹತ್ತಿರದಲ್ಲಿ, ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ಆಗ ಶ್ರೀಮಂತರ ಹಾಯಿದೋಣಿಗಳನ್ನು ಪಹರೆಗೆ ಕಳಿಸಿದರು. ಹಾಯಿ ಬಿಚ್ಚಿ ಹೋದರೆ ಎಂಜಿನ್ ಸದ್ದಿಲ್ಲ, ನೀರಿನ ಕೆಳಗಿದ್ದವನಿಗೆ ಕೇಳುವುದಿಲ್ಲ. ಜನ ಆ ಪಡೆಯನ್ನು ತಮಾಷೆಗೆ "ಹೂಲಿಗನ್ ನೇವಿ", ಅಂದರೆ ಪುಂಡರ ನೌಕಾಪಡೆ, ಅಂತ ಕರೆದರು. ನಟ ಹಂಫ್ರಿ ಬೋಗಾರ್ಟ್ ಕೂಡ ತನ್ನ ದೋಣಿಯೊಂದಿಗೆ ಈ ಸಂಸ್ಥೆಯಲ್ಲಿದ್ದ. ಯುದ್ಧ ಮುಗಿದ ಮೇಲೆ ನಮ್ಮವರ ಕೆಲಸ ಮತ್ತೆ ದೋಣಿ ಸುರಕ್ಷತೆಗೆ ತಿರುಗಿತು. 1996ರ ಕಾನೂನು ಅದನ್ನು ಅಗಲಗೊಳಿಸಿತು. ಯುದ್ಧ ಮತ್ತು ನೇರ ಕಾನೂನು ಜಾರಿ, ಇವೆರಡನ್ನು ಬಿಟ್ಟು ಕೋಸ್ಟ್ ಗಾರ್ಡಿನ ಯಾವ ಕೆಲಸಕ್ಕಾದರೂ ನಮ್ಮನ್ನು ಕರೆಯಬಹುದು. ಅಡುಗೆ ಕಲಿತು ಅವರ ಠಾಣೆಗಳಲ್ಲಿ, ಹಡಗುಗಳಲ್ಲಿ ಅಡುಗೆ ಮಾಡುವವರೂ ನಮ್ಮಲ್ಲಿದ್ದಾರೆ. ದುಭಾಷಿಗಳಿದ್ದಾರೆ. ಸ್ವಂತ ವಿಮಾನದಲ್ಲಿ ಮೇಲಿಂದ ಹುಡುಕುವವರಿದ್ದಾರೆ. ನನಗೆ ಗೊತ್ತಿರುವುದು ದೋಣಿಯದು, ಅದನ್ನೇ ಹೇಳುತ್ತೇನೆ.

ಸೇರಬೇಕಾದರೆ ಅಮೆರಿಕದ ಪ್ರಜೆಯಾಗಿರಬೇಕು, ಸಾಮಾನ್ಯವಾಗಿ 17 ತುಂಬಿರಬೇಕು. ಬೆರಳಚ್ಚು ತೆಗೆದುಕೊಂಡು ಹಿನ್ನೆಲೆ ನೋಡುತ್ತಾರೆ. ಆಮೇಲೆ ಶುರುವಾಗುವುದು ಆನ್‌ಲೈನ್ ಪಾಠ. ಲೈಂಗಿಕ ಕಿರುಕುಳ ತಡೆ, ನಾಗರಿಕ ಹಕ್ಕು, ಬೇರೆಯವರ ಖಾಸಗಿ ಮಾಹಿತಿ ಕಾಪಾಡುವುದು, ವಿಪತ್ತು ನಿರ್ವಹಣೆಯಲ್ಲಿ ಯಾರು ಯಾರ ಮಾತು ಕೇಳಬೇಕು ಅನ್ನುವುದು. ದೋಣಿ ಓಡಿಸೋಣ ಅಂತ ಉತ್ಸಾಹದಿಂದ ಬಂದವರು ಇಲ್ಲೇ ಸುಸ್ತಾಗುತ್ತಾರೆ. "ಇದೆಲ್ಲ ಆಫೀಸಿನಲ್ಲೇ ಮಾಡಿ ಮಾಡಿ ಸಾಕಾಗಿದೆ ಮಾರಾಯ್ರೆ" ಅಂತ ನನಗೂ ಅನ್ನಿಸಿತ್ತು. ಅಪರಿಚಿತರ ದೋಣಿಯೊಳಗೆ, ಅವರ ಹೆಂಡತಿ ಮಕ್ಕಳ ನಡುವೆ ಹೋಗಿ ನಿಲ್ಲುವ ಕೆಲಸ ಇದು ಅಂತ ಗೊತ್ತಾದ ಮೇಲೆ ಆ ಪಾಠಗಳ ಮೇಲಿನ ಸಿಟ್ಟು ಇಳಿಯಿತು.

ದೋಣಿಯ ತರಬೇತಿ ಬೇರೆಯೇ ರೀತಿ. ತರಗತಿಯಲ್ಲಿ ಕೂತು ಪಾಸಾಗುವಂಥದ್ದಲ್ಲ. ಒಂದು ಕೆಲಸಗಳ ಪಟ್ಟಿ ಇರುತ್ತದೆ, ಒಬ್ಬ ಹಿರಿಯ ಸದಸ್ಯರು ಗುರುವಾಗಿರುತ್ತಾರೆ. ಒಂದೊಂದನ್ನೂ ಅವರ ಎದುರು ಮಾಡಿ ತೋರಿಸಬೇಕು, ಅವರು ಸಹಿ ಹಾಕಬೇಕು. ಬೋಲೈನ್ ಗಂಟು ಬರುತ್ತದೆ ಅಂದರೆ ಸಾಲದು, ಕಟ್ಟಬೇಕು. ಕಣ್ಣು ಮುಚ್ಚಿಕೊಂಡು ಕಟ್ಟಿ ಅನ್ನುವ ಗುರುಗಳೂ ಇದ್ದಾರೆ, ರಾತ್ರಿ ಮಳೆಯಲ್ಲಿ ಗಂಟು ಕಾಣುವುದಿಲ್ಲವಲ್ಲ. ಗಂಗೊಳ್ಳಿ ಕಡೆ ಹುಟ್ಟಿದವನು ನಾನು, ಹಗ್ಗ ಲಂಗರು ಎಲ್ಲ ಗೊತ್ತು ಅಂದುಕೊಂಡು ಬಂದಿದ್ದೆ. ಇಲ್ಲಿ ಹಗ್ಗ ಸುತ್ತಿಡುವುದಕ್ಕೂ ಒಂದು ಕ್ರಮ, ಎಸೆಯುವುದಕ್ಕೂ ಒಂದು ಕ್ರಮ. ಪಟ್ಟಿ ಮುಗಿದ ಮೇಲೆ ನಮ್ಮ ತಂಡದವರಲ್ಲದ ಪರೀಕ್ಷಕರು ಬಂದು ನೀರಿನ ಮೇಲೇ ಪರೀಕ್ಷೆ ಮಾಡುತ್ತಾರೆ. ಇದು ಕ್ರೂ, ಅಂದರೆ ದೋಣಿಯ ಸಿಬ್ಬಂದಿ, ಆಗುವ ದಾರಿ.

ಅದಾದ ಮೇಲೆ ಕಾಕ್ಸನ್. ನಮ್ಮ ಕರಾವಳಿಯ ದೋಣಿಗಳಲ್ಲಿ ದೋಣಿ ನಡೆಸುವ ತಾಂಡೇಲ ಇರುತ್ತಾನಲ್ಲ, ಆ ಜಾಗ. ಎದುರು ದೋಣಿ ಬಂದರೆ ಯಾರು ಯಾವ ಕಡೆ ಸರಿಯಬೇಕು, ರಾತ್ರಿ ಯಾವ ದೀಪ ಕಂಡರೆ ಏನರ್ಥ ಅನ್ನುವ ಸಂಚಾರ ನಿಯಮಗಳ ಪರೀಕ್ಷೆಯಲ್ಲಿ ನೂರಕ್ಕೆ 90 ಬರಬೇಕು. 89 ಬಂದರೆ ಮತ್ತೆ ಬರೆಯಿರಿ. ಅರ್ಹತೆ ಸಿಕ್ಕಿದ ಮೇಲೂ ವರ್ಷ ವರ್ಷ ಇಂತಿಷ್ಟು ಗಂಟೆ ನೀರಿನಲ್ಲಿ ಕಳೆಯದಿದ್ದರೆ ಅದು ಕೈಬಿಡುತ್ತದೆ.

ಇಲ್ಲಿ ಒಂದು ವಿಶೇಷ ಇದೆ. ಕಾಕ್ಸನ್ ಆಗುವುದಕ್ಕೂ ದೋಣಿಯ ಒಡೆತನಕ್ಕೂ ಸಂಬಂಧ ಇಲ್ಲ. ಸಂಘದಲ್ಲಿ ಯಾರು ಯಾವ ಹುದ್ದೆಯಲ್ಲಿದ್ದಾರೆ ಅನ್ನುವುದಕ್ಕೂ ಸಂಬಂಧ ಇಲ್ಲ. ನಮ್ಮ ಸ್ಥಳೀಯ ಘಟಕಕ್ಕೆ ಫ್ಲೊಟಿಲ್ಲಾ ಅನ್ನುತ್ತಾರೆ, ಅದರ ಮುಖ್ಯಸ್ಥರನ್ನು ನಾವೇ ಆರಿಸುತ್ತೇವೆ. ಆ ಮುಖ್ಯಸ್ಥರೇ ದೋಣಿಯಲ್ಲಿದ್ದರೂ ಅವತ್ತಿನ ಕಾಕ್ಸನ್ ಹೇಳಿದ್ದೇ ಕೊನೆ ಮಾತು. ನಮ್ಮಲ್ಲಿ ಒಂದು ದಂಪತಿ ಇದ್ದಾರೆ. ದೋಣಿ ಯಜಮಾನರದ್ದು, ಸಾಲದ ಕಂತು ಕಟ್ಟುವವರು ಅವರು, ಕಾಕ್ಸನ್ ಮಾತ್ರ ಅವರ ಹೆಂಡತಿ. ಆಕೆ "ಹಗ್ಗ ಹಿಡಿ" ಅಂದರೆ ಅವರು ಹಗ್ಗ ಹಿಡಿಯುತ್ತಾರೆ. ದಡಕ್ಕೆ ಬಂದ ಮೇಲೆ ಏನಾಗುತ್ತದೋ, ಅದು ಅವರ ಮನೆ ವಿಚಾರ.

ಇನ್ನು ಶೀರ್ಷಿಕೆಗೆ ಬರುತ್ತೇನೆ. ದೋಣಿ ನಮ್ಮ ಸ್ವಂತದ್ದು. ವರ್ಷಕ್ಕೊಮ್ಮೆ ಅದನ್ನು ತಪಾಸಣೆ ಮಾಡಿಸಿ ಕೋಸ್ಟ್ ಗಾರ್ಡಿನ ಬಳಕೆಗೆ ಒಪ್ಪಿಸುತ್ತೇವೆ. ಗಸ್ತಿಗೆ ಹೋಗುವ ಮೊದಲು ಅವರಿಂದ ಆದೇಶ ಬರಬೇಕು. ಆದೇಶ ಇದ್ದಾಗ ನನ್ನ ಆ ಪುಟ್ಟ ದೋಣಿ ಕಾನೂನಿನ ಕಣ್ಣಿಗೆ ಸರ್ಕಾರಿ ದೋಣಿ. ಪೆಟ್ರೋಲ್ ಖರ್ಚು ವಾಪಸ್ ಬರುತ್ತದೆ. ನನಗೆ ಏಟಾದರೆ ಕೇಂದ್ರ ಸರ್ಕಾರಿ ನೌಕರನ ಹಾಗೇ ಪರಿಹಾರಕ್ಕೆ ಅರ್ಜಿ ಹಾಕಬಹುದು. ದೋಣಿಗೆ ಪೆಟ್ಟಾದರೂ ಕೇಳಬಹುದು. ಆದೇಶ ಇಲ್ಲದೆ ಅದೇ ದೋಣಿಯಲ್ಲಿ ಹೋದರೆ ನಾನು ಮೀನು ಹಿಡಿಯಲು ಹೋದ ಒಬ್ಬ ಸಾಮಾನ್ಯ ಮನುಷ್ಯ. ಹಾಗಾಗಿ ನಮ್ಮಲ್ಲಿ ಹೊಸಬರಿಗೆ ಹಿರಿಯರು ಹೇಳುವ ಮೊದಲ ಮಾತು, ಕಾಗದ ಬರುವ ತನಕ ಹಗ್ಗ ಬಿಚ್ಚಬೇಡ ಅಂತ.

ಕಾಗದ ಬಂದ ಮೇಲೂ ತಕ್ಷಣ ಹೊರಡುವಂತಿಲ್ಲ. ಜೆಟ್ಟಿಯಲ್ಲೇ ನಿಂತು ಅಪಾಯದ ಲೆಕ್ಕ ಹಾಕಬೇಕು. ನನ್ನ ಮಟ್ಟಿಗೆ ಇಡೀ ತರಬೇತಿಯಲ್ಲಿ ಅತ್ಯಂತ ಬೆಲೆಬಾಳುವ ಐದು ನಿಮಿಷ ಇದು. ನಾನು ಕಲಿತ ಪದ್ಧತಿಯಲ್ಲಿ ಆರು ಅಂಶಗಳಿದ್ದವು: ಮೇಲ್ವಿಚಾರಣೆ, ಯೋಜನೆ, ಯಾರು ಯಾರು ಹೋಗುತ್ತಿದ್ದಾರೆ, ಅವರು ಇವತ್ತು ಹೇಗಿದ್ದಾರೆ, ಗಾಳಿ ನೀರು ಹೇಗಿದೆ, ಕೆಲಸ ಎಷ್ಟು ಜಟಿಲ. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಟ್ಟು 23ರವರೆಗೆ ಹಸಿರು, 24ರಿಂದ 44 ಹಳದಿ, ಅದರ ಮೇಲೆ ಕೆಂಪು. ಅಂಕ ಕೊಡುವುದು ಕಾಕ್ಸನ್ ಒಬ್ಬರೇ ಅಲ್ಲ, ಎಲ್ಲರೂ ಕೊಡಬೇಕು. ಮೊನ್ನೆ ಮೊನ್ನೆ ಸೇರಿದ ಹುಡುಗಿಯೂ ಕೊಡಬೇಕು.

ಮೇಲ್ನೋಟಕ್ಕೆ ಇದು ಇನ್ನೊಂದು ಸರ್ಕಾರಿ ಫಾರಂ. ಆದರೆ ನಾಲ್ಕು ಜನರಲ್ಲಿ ಮೂವರು "ನಾವು ಹೇಗಿದ್ದೇವೆ" ಅನ್ನುವ ಅಂಶಕ್ಕೆ ಎರಡು ಅಂತ ಹೇಳಿ, ಒಬ್ಬರು ಏಳು ಅಂದರು ಅಂತಿಟ್ಟುಕೊಳ್ಳಿ. ಯಾಕೆ ಏಳು ಅಂತ ಕೇಳಲೇಬೇಕಾಗುತ್ತದೆ. ಆಗ ಹೊರಬರುತ್ತದೆ, ರಾತ್ರಿಯೆಲ್ಲ ಮಗುವಿಗೆ ಜ್ವರ, ನಿದ್ದೆಯೇ ಇಲ್ಲ ಅಂತ. ಅಂಕ ಅನ್ನುವುದು ಬರೀ ನೆಪ. ಬಾಯಿಬಿಟ್ಟು ಹೇಳಲು ಸಂಕೋಚಪಡುವ ಮಾತನ್ನು ಹೊರಗೆ ತರುವುದಕ್ಕೆ ಒಂದು ದಾರಿ. ನಮ್ಮವರಿಗೆ ಹಿರಿಯರ ಮುಂದೆ "ಬೇಡ" ಅನ್ನುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಏಳು ಅನ್ನುವುದು ಸ್ವಲ್ಪ ಸುಲಭ. ಸ್ವಯಂಸೇವಕರಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಉತ್ಸಾಹ ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. ಶನಿವಾರ ಒಂದು ದಿನ ಸಿಕ್ಕಿದೆ, ದೋಣಿಗೆ ಪೆಟ್ರೋಲ್ ತುಂಬಿಸಿದ್ದಾಗಿದೆ, ಈಗ ಯಾರು ವಾಪಸ್ ಹೋಗುತ್ತಾರೆ ಅನ್ನುವ ಮನಸ್ಸು.

ನಮ್ಮ ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿ ಗೊತ್ತಿದ್ದವರಿಗೆ ಗಾಳಿ ನೀರಿನ ಅಂಕ ಯಾಕೆ ಏರುತ್ತದೆ ಅಂತ ಹೇಳಬೇಕಿಲ್ಲ. ಇದು ಆಳದ ನೀರಲ್ಲ, ಸರಾಸರಿ ಇಪ್ಪತ್ತೊಂದು ಅಡಿ ಅಷ್ಟೆ. ಆಳ ಕಡಿಮೆ ಇರುವ ಕಡೆ ಗಾಳಿ ಎದ್ದರೆ ಅಲೆ ಗಿಡ್ಡ, ಕಡಿದು, ಒಂದರ ಹಿಂದೊಂದು. ಅರಬ್ಬಿ ಸಮುದ್ರದ ಉದ್ದನೆಯ ಅಲೆ ನೋಡಿದವರಿಗೆ ಇದು ಆಟಿಕೆಯ ಹಾಗೆ ಕಾಣುತ್ತದೆ, ಅರ್ಧ ಗಂಟೆ ಕೂತರೆ ಸೊಂಟ ಹೇಳುತ್ತದೆ. ಬೇಸಿಗೆಯ ಮಧ್ಯಾಹ್ನದ ಗುಡುಗು ಮಳೆ ಪಶ್ಚಿಮದಿಂದ ಎದ್ದು ಬರುವುದಕ್ಕೆ ಹೆಚ್ಚು ಹೊತ್ತು ಬೇಡ.

ಅದಕ್ಕಿಂತ ಮೋಸದ್ದು ಏಪ್ರಿಲ್. ಹೊರಗೆ ಬಿಸಿಲು, 25 ಡಿಗ್ರಿ, ಟೀ ಶರ್ಟ್ ಹಾಕಿಕೊಂಡು ಕಯಾಕ್, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿ, ಇಳಿಸುತ್ತಾರೆ. ನೀರು ಇನ್ನೂ 10, 12 ಡಿಗ್ರಿ. ಕೆನಡಾದ ಮಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿಗೆ ತಾನೇ ಇಳಿದು ಅಧ್ಯಯನ ಮಾಡಿದ ವಿಜ್ಞಾನಿ. ಅವರು ಜನರಿಗೆ ನೆನಪಿರಲಿ ಅಂತ ಕೊಟ್ಟ ಸೂತ್ರ 1-10-1. ಬಿದ್ದ ಮೊದಲ ಒಂದು ನಿಮಿಷ ಏದುಸಿರು, ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಬೇಕು. ಆಮೇಲೆ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ. ಪ್ರಜ್ಞೆ ಹೋಗುವುದಕ್ಕೆ ಸುಮಾರು ಒಂದು ಗಂಟೆ. ತಣ್ಣೀರಿಗೆ ಬಿದ್ದವರು ಚಳಿಯಿಂದಲೇ ಸಾಯುತ್ತಾರೆ ಅನ್ನುವುದು ಅನೇಕರ ಕಲ್ಪನೆ. ಎಷ್ಟೋ ಜನ ಆ ಮೊದಲ ಒಂದು ನಿಮಿಷದಲ್ಲೇ ನೀರು ಕುಡಿದು ಹೋಗುತ್ತಾರೆ. ಮೈಮೇಲೆ ಲೈಫ್ ಜಾಕೆಟ್ ಇದ್ದರೆ ಆ ನಿಮಿಷ ದಾಟುತ್ತದೆ. ಈಜು ಬರುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಣ್ಣೀರಿನ ಕಾಲದಲ್ಲಿ ಗಸ್ತಿಗೆ ಹೋಗುವ ನಾವೂ ಅದಕ್ಕೆ ತಕ್ಕ ಉಡುಪು ಹಾಕಲೇಬೇಕು, ಜಾಕೆಟ್ಟಿನಲ್ಲಿ ಸೀಟಿ, ಕನ್ನಡಿ, ಮಿಂಚುವ ದೀಪ ಇರಬೇಕು.

ಗಸ್ತಿನಲ್ಲಿ ಏನು ಮಾಡುತ್ತೀರಿ ಅಂತ ಮಕ್ಕಳು ಕೇಳುತ್ತಾರೆ. ಬಹಳಷ್ಟು ಹೊತ್ತು ಸುಮ್ಮನೆ ನೋಡುತ್ತಿರುತ್ತೇವೆ. ಕೊಲ್ಲಿಯಲ್ಲಿ ದಾರಿ ತೋರಿಸುವ ಬಾಯ್‌ಗಳು, ಅಂದರೆ ತೇಲು ಗುರುತುಗಳು, ನಕ್ಷೆಯಲ್ಲಿರುವ ಜಾಗದಲ್ಲೇ ಇವೆಯೇ, ದೀಪ ಉರಿಯುತ್ತಿದೆಯೇ ಅಂತ ನೋಡಿ ವರದಿ ಮಾಡುತ್ತೇವೆ. ಅರ್ಧ ಗಂಟೆಗೊಮ್ಮೆ ರೇಡಿಯೋದಲ್ಲಿ ನಾವಿರುವ ಜಾಗ ಹೇಳುತ್ತೇವೆ. ದೋಣಿ ಪಂದ್ಯ ಇದ್ದರೆ ಸುತ್ತ ನಿಂತು ಬೇರೆಯವರು ನುಗ್ಗದಂತೆ ಕೈ ಬೀಸುತ್ತೇವೆ. ನುಗ್ಗಿದರೆ ಬೀಸಿದ ಕೈ ಇಳಿಸಿ ರೇಡಿಯೋದಲ್ಲಿ ಹೇಳುತ್ತೇವೆ, ಅಷ್ಟೆ. ಪೊಲೀಸರ ದೋಣಿಗೆ ನೀಲಿ ದೀಪ, ನಮಗೆ ಕೆಂಪು ಹಳದಿ. ಬಣ್ಣದಲ್ಲೇ ಗೊತ್ತಾಗುತ್ತದೆ ಯಾರ ಮಾತು ಕೇಳಲೇಬೇಕು, ಯಾರದ್ದು ಕೇಳಿದರೆ ಒಳ್ಳೆಯದು ಅಂತ.

ಕೆಟ್ಟು ನಿಂತ ದೋಣಿ ಸಿಕ್ಕಿದರೆ ನಿಜವಾದ ಕೆಲಸ. ನೇರ ಹತ್ತಿರ ಹೋಗಿಬಿಡುವುದಿಲ್ಲ. ಮೊದಲು ದೂರದಿಂದ ಒಂದು ಸುತ್ತು ಹಾಕುತ್ತೇವೆ. ನೀರಿನಲ್ಲಿ ಹಗ್ಗ ಬಿದ್ದಿದೆಯೇ, ಇದ್ದರೆ ನಮ್ಮ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ದೋಣಿ ಒಂದು ಕಡೆ ವಾಲಿದೆಯೇ, ಗಾಳಿ ಅದನ್ನು ಯಾವ ಕಡೆ ತಳ್ಳುತ್ತಿದೆ. ಎಷ್ಟು ಜನ ಇದ್ದೀರಿ, ಯಾರಿಗಾದರೂ ಹುಷಾರಿಲ್ಲವೇ, ನೀರು ಒಳಗೆ ಬರುತ್ತಿದೆಯೇ, ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಆಮೇಲೆ ತೆಳು ಹಗ್ಗ ಎಸೆದು, ಅದರ ಹಿಂದೆ ದಪ್ಪ ಎಳೆಹಗ್ಗ ಕಳಿಸುತ್ತೇವೆ. ಕಟ್ಟುವುದು ಎಲ್ಲಿಗೆ? ಡೆಕ್ಕಿನ ಮೇಲೆ ಹೊಳೆಯುವ ಕೊಕ್ಕೆಗೆ ಕಟ್ಟಲು ಎಲ್ಲರಿಗೂ ಆಸೆ. ಅದು ನಾಲ್ಕು ಸ್ಕ್ರೂ ಮೇಲೆ ನಿಂತಿರಬಹುದು, ಎಳೆದಾಗ ಕಿತ್ತುಕೊಂಡು ಗುಂಡಿನ ಹಾಗೆ ಹಾರಿ ಬರುತ್ತದೆ. ಟ್ರೇಲರಿಗೆ ಎಳೆಯುವಾಗ ಕೊಕ್ಕೆ ಹಾಕುವ, ಮೂತಿಯ ಕೆಳಗಿನ ಆ ಕಬ್ಬಿಣದ ಕಣ್ಣು ಇದೆಯಲ್ಲ, ಸಣ್ಣ ದೋಣಿಯಲ್ಲಿ ಗಟ್ಟಿ ಜಾಗ ಅದೇ.

ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ತುಂಡಾದರೆ ಅಷ್ಟೂ ಶಕ್ತಿ ಹಿಂದಕ್ಕೆ ಬರುತ್ತದೆ. ಆದ್ದರಿಂದ ಅದರ ನೇರದಲ್ಲಿ ಯಾರೂ ನಿಲ್ಲಬಾರದು, ಸುರುಳಿಯೊಳಗೆ ಕಾಲಿಡಬಾರದು, ಕತ್ತರಿಸಲು ಚಾಕು ಕೈಗೆಟುಕುವಂತಿರಬೇಕು. ಎಳೆಯುವಾಗ ಎರಡೂ ದೋಣಿ ಒಟ್ಟಿಗೆ ಅಲೆ ಹತ್ತಿ ಒಟ್ಟಿಗೆ ಇಳಿಯುವ ಹಾಗೆ ಹಗ್ಗದ ಉದ್ದ ಹೊಂದಿಸಬೇಕು. ಒಂದು ಹತ್ತುವಾಗ ಇನ್ನೊಂದು ಇಳಿದರೆ ಹಗ್ಗ ಒಮ್ಮೆ ಸಡಿಲ, ಒಮ್ಮೆ ಬಿಗಿ, ಪ್ರತಿ ಸಲವೂ ಒಂದು ಏಟು. ಬಂದರಿನೊಳಗೆ ಬಂದ ಮೇಲೆ ಹಿಂದೆ ಎಳೆಯುವುದಿಲ್ಲ, ಪಕ್ಕಕ್ಕೆ ಕಟ್ಟಿಕೊಳ್ಳುತ್ತೇವೆ, ನಮ್ಮ ಹಿಂಬದಿ ಅವರ ಹಿಂಬದಿಗಿಂತ ಹಿಂದೆ ಇರುವ ಹಾಗೆ. ಹಾಗಿದ್ದರೆ ಮಾತ್ರ ನಮ್ಮ ಎಂಜಿನ್ನು ಎರಡನ್ನೂ ತಿರುಗಿಸುತ್ತದೆ.

ಇಷ್ಟೆಲ್ಲ ಕಲಿತಿದ್ದರೂ ಎಲ್ಲರನ್ನೂ ಎಳೆದು ತರುವಂತಿಲ್ಲ. ಜೀವಕ್ಕೆ ಅಪಾಯ ಇಲ್ಲ, ಬರೀ ಪೆಟ್ರೋಲ್ ಖಾಲಿ ಅಂತಾದರೆ ಕೋಸ್ಟ್ ಗಾರ್ಡ್ ರೇಡಿಯೋದಲ್ಲಿ ಸಾರಿ ಹೇಳುತ್ತದೆ, ಹಣ ಪಡೆದು ಎಳೆಯುವ ಖಾಸಗಿಯವರು ಬರುತ್ತಾರೆ. ಅವರ ಹೊಟ್ಟೆಯ ಮೇಲೆ ಹೊಡೆಯಬಾರದು ಅನ್ನುವುದು ನೀತಿ. ಗಸ್ತಿನಲ್ಲಿ ನಮಗೇ ಎದುರಾದರೆ ಹತ್ತಿರದ ಸುರಕ್ಷಿತ ಜಾಗದವರೆಗೆ ತಲುಪಿಸಬಹುದು, ಅದೂ ಅವರು ಆಗಲೇ ಖಾಸಗಿಯವರನ್ನು ಕರೆದಿರದಿದ್ದರೆ. ಮನೆ ಬಾಗಿಲಿಗೆ ಬಿಡುವ ಸೇವೆ ಅಲ್ಲ.

ಹುಡುಕಾಟದ ಬಗ್ಗೆ ಒಂದೆರಡು ಮಾತು. ಒಬ್ಬರು ನೀರಿಗೆ ಬಿದ್ದರು ಅನ್ನಿ. ಕಂಡವರು ಮೊದಲು ಕೂಗಬೇಕು, ತೇಲುವುದೇನಾದರೂ ಎಸೆಯಬೇಕು. ಒಬ್ಬರ ಕೆಲಸ ಬರೀ ಕೈ ಚಾಚಿ ಬಿದ್ದವರ ಕಡೆ ತೋರಿಸುತ್ತಾ ನಿಲ್ಲುವುದು. ದೋಣಿ ತಿರುಗಿದರೂ ಆ ಕೈ ಅಲ್ಲೇ ಇರಬೇಕು, ಕಣ್ಣು ಕದಲಬಾರದು. ಅಲೆಯ ನಡುವೆ ಮನುಷ್ಯನ ತಲೆ ತೇಲುವ ತೆಂಗಿನಕಾಯಿಯಷ್ಟೇ, ಒಮ್ಮೆ ತಪ್ಪಿತು ಅಂದರೆ ಮತ್ತೆ ಸಿಗುವುದು ಕಷ್ಟ. ತಪ್ಪಿಯೇ ಹೋದರೆ ಲೆಕ್ಕ ಹಾಕಿ ಹುಡುಕುವುದು. ಕೊನೆಗೆ ಕಂಡ ಜಾಗದಲ್ಲಿ ಒಂದು ತೇಲು ಗುರುತು ಬಿಡುತ್ತೇವೆ, ಬಿದ್ದವರ ಹಾಗೇ ಅದೂ ಪ್ರವಾಹದ ಜೊತೆ ತೇಲುತ್ತದೆ. ಅಲ್ಲಿಂದ ನೇರ ಒಂದು ಗೆರೆ, ಬಲಕ್ಕೆ 120 ಡಿಗ್ರಿ ತಿರುಗಿ ಅಷ್ಟೇ ಉದ್ದದ ಇನ್ನೊಂದು, ಮತ್ತೆ ಬಲಕ್ಕೆ 120, ಗುರುತಿಗೇ ವಾಪಸ್. ಒಂದು ತ್ರಿಕೋನ ಆಯಿತು. ಹಾಗೆ ಮೂರು ತ್ರಿಕೋನ, ಒಂಬತ್ತು ಗೆರೆ. ಸಿಗದಿದ್ದರೆ ಇಡೀ ಚಿತ್ರವನ್ನು 30 ಡಿಗ್ರಿ ತಿರುಗಿಸಿ ಮತ್ತೆ ಮೊದಲಿಂದ. ಆರು ನಾಟ್, ಅಂದರೆ ಗಂಟೆಗೆ ಆರು ನಾಟಿಕಲ್ ಮೈಲಿನ, ವೇಗದಲ್ಲಿ ಅರ್ಧ ನಾಟಿಕಲ್ ಮೈಲಿನ ಗೆರೆಗೆ ಸರಿಯಾಗಿ ಐದು ನಿಮಿಷ. ಜಿಪಿಎಸ್ ಕೈಕೊಟ್ಟರೂ ದಿಕ್ಸೂಚಿ ಮತ್ತು ಕೈಗಡಿಯಾರದಲ್ಲಿ ಮುಗಿಸಬಹುದು, ಅಭ್ಯಾಸದಲ್ಲಿ ಹಾಗೇ ಮಾಡಿಸುತ್ತಾರೆ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ, ಅಧಿಕಾರ ಇಲ್ಲದಿರುವುದರಿಂದ ಆಗುವ ಕೆಲಸ. ಇಲ್ಲಿನ ಕೋಸ್ಟ್ ಗಾರ್ಡಿಗೆ ವಾರಂಟ್ ಇಲ್ಲದೆಯೇ ನಿಮ್ಮ ದೋಣಿ ಹತ್ತುವ ಹಕ್ಕನ್ನು ಕಾನೂನು ಕೊಟ್ಟಿದೆ. ಅವರು ಹತ್ತಿದರು ಅಂದರೆ ಜನರ ಮುಖ ಬಿಗಿಯುತ್ತದೆ. ನಾವು ಹತ್ತುವುದಿಲ್ಲ, ಕರೆದರೆ ಮಾತ್ರ ಬರುತ್ತೇವೆ. ಬೇಸಿಗೆಯ ಶನಿವಾರ ಬೆಳಿಗ್ಗೆ ದೋಣಿ ಇಳಿಸುವ ರ‍್ಯಾಂಪಿನ ಹತ್ತಿರ ಒಂದು ಮೇಜು ಹಾಕಿಕೊಂಡು ನಿಂತಿರುತ್ತೇವೆ. ಉಚಿತ ತಪಾಸಣೆ. ಪಾಸಾದರೆ ಆ ವರ್ಷದ ಸ್ಟಿಕ್ಕರ್ ಅಂಟಿಸುತ್ತೇವೆ. ಆಗದಿದ್ದರೆ ಏನೇನು ಕೊರತೆ ಅನ್ನುವ ಚೀಟಿ ಮಾಲೀಕರ ಕೈಗೆ ಕೊಡುತ್ತೇವೆ. ದಂಡ ಇಲ್ಲ, ಪೊಲೀಸರಿಗೆ ವರದಿ ಇಲ್ಲ.

ಒಮ್ಮೆ ನಮ್ಮ ಕನ್ನಡದ ಕುಟುಂಬವೇ ಸಿಕ್ಕಿತು. ಹೊಸ ದೋಣಿ, ಹೊಸ ಹುರುಪು. ಯಜಮಾನರು ಬೆಂಗಳೂರು ಟ್ರಾಫಿಕ್ ನೆನೆಸಿಕೊಂಡರೋ ಏನೋ, "ಸಾರ್, ಎಷ್ಟು ಫೈನ್ ಹಾಕ್ತೀರಿ?" ಅಂದರು. ಒಂದು ಪೈಸೆಯೂ ಇಲ್ಲ ಅಂದ ಮೇಲೆ ತಾವೇ ಎಲ್ಲ ಮುಚ್ಚಳ ತೆಗೆದು ತೋರಿಸಿದರು. ಲೈಫ್ ಜಾಕೆಟ್ ಎಲ್ಲಿ ಅಂದೆ. ಹೆಂಡತಿಯ ಕಡೆ ನೋಡಿದರು. ಅವರು, "ರೀ, ಅವತ್ತು ಲಂಗರದ ಕೆಳಗೆ ನೀವೇ ಅಲ್ವಾ ತುರುಕಿದ್ದು?" ಅಂದರು. ಹೊರಗೆ ಬಂದವು ಐದು ಜಾಕೆಟ್, ಐದೂ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ. ನಿಯಮದ ಪ್ರಕಾರ ಅವು ಥಟ್ಟನೆ ಕೈಗೆ ಸಿಗಬೇಕು, ಪ್ಲಾಸ್ಟಿಕ್ಕಿನಲ್ಲಿದ್ದರೆ ಇದ್ದೂ ಇಲ್ಲದ ಲೆಕ್ಕ. ಮಗಳಿಗೆ ಏಳೆಂಟು ವರ್ಷ ಇರಬಹುದು, ಐದೂ ದೊಡ್ಡವರ ಅಳತೆಯವು. ಅಷ್ಟು ಸಡಿಲ ಜಾಕೆಟ್ ನೀರಿಗೆ ಬಿದ್ದರೆ ತಲೆಯ ಮೇಲಿಂದ ಕಳಚಿಕೊಂಡು ಹೋಗುತ್ತದೆ. ಮೇರಿಲ್ಯಾಂಡಿನಲ್ಲಿ 21 ಅಡಿಗಿಂತ ಚಿಕ್ಕ ದೋಣಿಯಲ್ಲಿ 13 ತುಂಬದ ಮಕ್ಕಳು ಜಾಕೆಟ್ ಹಾಕಿಕೊಂಡೇ ಇರಬೇಕು.

ಬೆಂಕಿ ಆರಿಸುವ ಸಿಲಿಂಡರ್ ತಿರುಗಿಸಿ ತಳ ನೋಡಿ, ತಯಾರಾದ ವರ್ಷ ಇರುತ್ತದೆ. ಮತ್ತೆ ತುಂಬಿಸಲಾಗದ ಬಗೆಯದು ಹನ್ನೆರಡು ವರ್ಷಕ್ಕೆ ಮುಗಿಯಿತು. ಸಂಕಟ ತಿಳಿಸಲು ಉರಿಸುವ ಫ್ಲೇರ್‌ಗಳಿಗೆ 42 ತಿಂಗಳು ಆಯುಸ್ಸು. 26 ಅಡಿಗಿಂತ ಚಿಕ್ಕ ದೋಣಿ ಓಡಿಸುವವರು ಎಂಜಿನ್ ನಿಲ್ಲಿಸುವ ಆ ಸುರುಳಿ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳಬೇಕು ಅನ್ನುವುದು 2021ರ ಏಪ್ರಿಲ್‌ನಿಂದ ಕೇಂದ್ರದ ಕಾನೂನು. ಚಾಲಕ ಬಿದ್ದರೆ ದೋಣಿ ತನ್ನಷ್ಟಕ್ಕೆ ಗಿರಕಿ ಹೊಡೆಯುತ್ತಾ ಅವನ ಮೇಲೇ ಬರುತ್ತದೆ, ಅದಕ್ಕೆ.

ಇದರಲ್ಲಿ ಸಾಹಸ ಏನಿದೆ ಅಂತ ಅನ್ನಿಸಬಹುದು. ಅಮೆರಿಕದಲ್ಲಿ 2023ರಲ್ಲಿ ಹವ್ಯಾಸದ ದೋಣಿ ಅಪಘಾತಗಳಲ್ಲಿ 564 ಜನ ಸತ್ತರು. ಸಾವಿನ ಕಾರಣ ಗೊತ್ತಾದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಜನರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಗೊತ್ತಿರುವ ಕಾರಣಗಳಲ್ಲಿ ಮದ್ಯ ಮುಂದಿದೆ. ಎಳೆಹಗ್ಗ ಹಿಡಿದು ನಾನು ಉಳಿಸಬಹುದಾದವರಿಗಿಂತ ರ‍್ಯಾಂಪಿನ ಮೇಜಿನ ಹತ್ತಿರ ಉಳಿಯುವವರು ಜಾಸ್ತಿ ಅಂತ ನಾನು ನಂಬಿದ್ದೇನೆ. ಮದುವೆ ಮನೆಯಲ್ಲಿ ಹೇಳಿಕೊಳ್ಳುವಂಥ ಕಥೆ ಅದಲ್ಲ, ನಿಜ.

ಇನ್ನು ಸಭಿಕರ ಪ್ರಶ್ನೆಗಳು.

"ನಾವು ಎಚ್-1ಬಿ ಕೆಲಸದ ವೀಸಾದಲ್ಲಿರುವವರು. ಸೇರಬಹುದೇ?" ಆಗುವುದಿಲ್ಲ, ಪೌರತ್ವ ಬೇಕು. ಆದರೆ ಆಕ್ಸಿಲಿಯರಿ ನಡೆಸುವ ದೋಣಿ ಸುರಕ್ಷತೆ ತರಗತಿಗೆ ಯಾರು ಬೇಕಾದರೂ ಬರಬಹುದು. 1972ರ ಜುಲೈ 1 ಅಥವಾ ನಂತರ ಹುಟ್ಟಿದವರು ಮೇರಿಲ್ಯಾಂಡಿನಲ್ಲಿ ಮೋಟಾರು ದೋಣಿ ಓಡಿಸಲು ಅಂಥದ್ದೊಂದು ಪ್ರಮಾಣಪತ್ರ ಹೇಗೂ ಬೇಕು.

"ಸೇರಬೇಕಾದರೆ ದೋಣಿ ಇರಬೇಕೇ?" ಬೇಡ. ಇನ್ನೊಬ್ಬರ ದೋಣಿಯಲ್ಲಿ ಕ್ರೂ ಆಗಬಹುದು. ದಡದಲ್ಲೇ ಇದ್ದು ರೇಡಿಯೋ ನೋಡಿಕೊಳ್ಳಬಹುದು, ಪಾಠ ಹೇಳಬಹುದು, ತಪಾಸಣೆ ಕಲಿಯಬಹುದು. ದೋಣಿ ಇದ್ದವರಿಗಿಂತ ಇಲ್ಲದವರೇ ಬೇಕು ಅನ್ನುವ ದಿನಗಳೂ ಇವೆ. ದೋಣಿ ಇದೆ, ಹತ್ತಲು ಜನ ಇಲ್ಲ.

"ರಾತ್ರಿ ಕರೆದರೆ ಹೋಗಲೇಬೇಕೇ?" ಇಲ್ಲ. ಇವತ್ತು ಆಗುವುದಿಲ್ಲ ಅಂದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಒಪ್ಪಿ ಆದೇಶ ಪಡೆದ ಮೇಲೆ ಮಾತ್ರ ಅರ್ಧದಲ್ಲಿ ಮನಸ್ಸು ಬದಲಾಯಿಸಿ ಮನೆಗೆ ಹೋಗುವಂತಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು, ಮಂಗಳೂರಿನವರು, ಕೇಳಿದರು: "ನಮ್ಮ ಊರಲ್ಲಿ ಇಂಥದ್ದು ಉಂಟಾ?" ಇದೇ ರೂಪದಲ್ಲಿ ನಾನು ಕಂಡಿಲ್ಲ. ಭಾರತದ ಕೋಸ್ಟ್ ಗಾರ್ಡ್ ಇದೆ, ಅದರ ಜಿಲ್ಲಾ ಕೇಂದ್ರ ಪಣಂಬೂರಿನಲ್ಲಿದೆ. ಕಡಲಿನ ಸಂಕಟಕ್ಕೆ 1554 ಅನ್ನುವ ಸಂಖ್ಯೆ ಇದೆ. ಕರಾವಳಿ ಕಾವಲು ಪೊಲೀಸರು ಮಲ್ಪೆಯನ್ನು ಕೇಂದ್ರ ಮಾಡಿಕೊಂಡಿದ್ದಾರೆ, ಅವರ ಸಂಖ್ಯೆ 1093. 2008ರ ಮುಂಬೈ ದಾಳಿಯ ನಂತರ ಮೀನುಗಾರರನ್ನು ಕಡಲಿನ ಕಣ್ಣು ಕಿವಿ ಅಂತ ಕರೆದು ಸಭೆ, ತಿಳಿವಳಿಕೆ ಕಾರ್ಯಕ್ರಮ ನಡೆಸುತ್ತಾ ಬಂದಿದ್ದಾರೆ. ದೋಣಿ ಮಗುಚಿದಾಗ ಮೊದಲು ತಲುಪುವವರು ಹೆಚ್ಚಿನ ಸಲ ಪಕ್ಕದ ದೋಣಿಯವರೇ. ತಮ್ಮ ಡೀಸೆಲ್ ಸುಟ್ಟು, ಅವತ್ತಿನ ಬಲೆ ಬಿಟ್ಟು ಹೋಗುತ್ತಾರೆ. ಅಳಿವೆ ಬಾಗಿಲಿನಲ್ಲಿ ದೋಣಿ ದಾಟಿಸುವುದನ್ನು ನಮ್ಮ ತಾಂಡೇಲರಿಗೆ ಯಾರೂ ಕಲಿಸಬೇಕಾಗಿಲ್ಲ, ಇಲ್ಲಿನ ಎಷ್ಟೋ ಕಾಕ್ಸನ್‌ಗಳಿಗೆ ಅವರು ಕಲಿಸಬಹುದು. ಅವರಿಗೆ ಬೇಕಾಗಿರುವುದು ನನಗೆ ಇಲ್ಲಿ ಸಿಗುವ ಆ ಕಾಗದ: ಹೋಗು ಅನ್ನುವ ಆದೇಶ, ಸುಟ್ಟ ಡೀಸೆಲಿಗೆ ದುಡ್ಡು, ಏಟಾದರೆ ಪರಿಹಾರ. ಅದು ಹಡಗು ಕೊಳ್ಳುವಷ್ಟು ದುಬಾರಿಯ ಕೆಲಸ ಅಲ್ಲ ಅಂತ ನನ್ನ ಅಭಿಪ್ರಾಯ.

ಆಮೇಲೆ, ಕಯಾಕ್ ಇರುವವರಿಗೆ ಒಂದು ಮಾತು. ಖಾಲಿ ಕಯಾಕ್ ತೇಲಿ ಬಂದರೆ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ ಅಂತಲೇ ಹುಡುಕಾಟ ಶುರುವಾಗುತ್ತದೆ, ಅದು ಬರೀ ನಿಮ್ಮ ಹಿತ್ತಲಿನಿಂದ ಗಾಳಿಗೆ ಜಾರಿ ಬಂದಿದ್ದರೂ ಸರಿ. ಅದರ ಮೇಲೆ ಹೆಸರು, ಫೋನ್ ನಂಬರ್ ಬರೆದ ಸ್ಟಿಕ್ಕರ್ ಇದ್ದರೆ ಒಂದು ಕರೆಯಲ್ಲಿ ಮುಗಿಯುತ್ತದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಕಟ್ಟು ಇಟ್ಟಿದ್ದೇನೆ, ದುಡ್ಡು ಬೇಡ. ಅಳಿಸದ ಶಾಯಿಯ ಪೆನ್ನೂ ಅಲ್ಲೇ ಇದೆ. ಊಟಕ್ಕೆ ಸಾಲು ಉದ್ದ ಆಗುವ ಮೊದಲು ಬರೆದುಕೊಂಡು ಹೋಗಿ.